ಅಂತರ್ಜಾಲದ ವಿಡಿಯೋಗಳೂ ಸಾಮಾನ್ಯರ ಆತ್ಮಾಭಿವ್ಯಕ್ತಿಯೂ

೧

ಚರಿತ್ರೆಗೆ ಆಧಾರವಾಗತಕ್ಕ ಸಾಮಗ್ರಿ ಯಾವುದು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ದೊರೆತಿವೆ. ರಾಜರ ವಂಶಾವಳಿ, ಯುದ್ಧ, ಸಂಧಿ, ದತ್ತಿ ಇವುಗಳನ್ನು ಹೇಳುವ ಬರೆಹಗಳಿಗೆ ಮಾತ್ರ ಆ ಗೌರವವು ಸಲ್ಲುತ್ತಿದ್ದ ಕಾಲವೊಂದಿತ್ತು. ನಮ್ಮ ನಾಡಿನಲ್ಲಿ ಬಿ. ಎಲ್. ರೈಸ್ ಮಹಾಶಯರು ೧೮೮೬ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ ಗ್ರಂಥಮಾಲೆಯ ಮೊದಲನೆಯ ಸಂಪುಟವನ್ನು ಹೊರಡಿಸುವುದಕ್ಕೆ ಮುಂಚೆ, ಊರ ಹೊರಗೆ ಬಿದ್ದಿದ್ದ ವೀರಗಲ್ಲನ್ನು ಚರಿತ್ರೆಯ ಆಧಾರವೆಂದು ಎಣಿಸಿದವರು ಬಹು ಕಡಮೆ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಊರಾಳೊಬ್ಬನ ಹೆಸರು, ಚಕ್ರವರ್ತಿಯ ಬಿರುದಾವಳಿಯು ತಿಳಿಸಲಾರದ ಸಂಗತಿಯನ್ನು ತಿಳಿಸಬಲ್ಲುದೆಂಬ ಅರಿವು ಆಮೇಲೆ ಬಂದಿತು. ಅದು ಬರುವಷ್ಟರಲ್ಲಿ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವ ಬಂಡೆಗಳಾಗಿಯೂ ಮೋರಿಯ ಹಾಸುಗಲ್ಲುಗಳಾಗಿಯೂ ಸವೆದುಹೋಗಿದ್ದುವು.

ಈ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವಿದೆ. ೨೦೦೫ರಿಂದ ಈಚೆಗೆ ಲೋಕದ ನಾನಾ ದೇಶಗಳ ಸಾಮಾನ್ಯ ಜನರು ತಮ್ಮ ಮುಖವನ್ನೂ ಮಾತನ್ನೂ ಹಾಡನ್ನೂ ಮನೆಯ ಒಳಗನ್ನೂ ತಾವೇ ಚಿತ್ರಿಸಿ ಅಂತರ್ಜಾಲದ ಮೂಲಕ ಪರರ ಮುಂದಿಡುತ್ತಿದ್ದಾರೆ. ಹಿಂದಿನ ಯಾವ ತಲೆಮಾರಿನ ಸಾಮಾನ್ಯರೂ ತಮ್ಮನ್ನು ಕುರಿತು ಇಷ್ಟು ಸಾಕ್ಷ್ಯವನ್ನು ಬಿಟ್ಟುಹೋಗಲಿಲ್ಲ. ಆದರೂ ಈ ರಾಶಿಯನ್ನು ಹುಡುಗಾಟವೆಂದೋ ವ್ಯಾಪಾರವೆಂದೋ ಒಂದೇ ಮಾತಿನಲ್ಲಿ ತಳ್ಳಿಹಾಕುವ ವಾಡಿಕೆಯು ವಿದ್ವಾಂಸರಲ್ಲಿ ಇನ್ನೂ ಹೋಗಿಲ್ಲ. ಈ ಸಂಪ್ರದಾಯವು ಹೇಗೆ ಹುಟ್ಟಿತು, ಅದರ ಸಾಂಸ್ಕೃತಿಕವಾದ ಬೆಲೆ ಎಲ್ಲಿದೆ, ಆ ಬೆಲೆಯನ್ನು ಉಳಿಸಿಕೊಳ್ಳುವ ಹೊಣೆ ಯಾರದು ಎಂಬ ಮೂರು ವಿಷಯಗಳನ್ನು ಕ್ರಮವಾಗಿ ವಿಚಾರಿಸುವುದೇ ಈ ಲೇಖನದ ಉದ್ದೇಶ.

೨

ತನ್ನ ಬಾಳನ್ನು ತಾನೇ ಚಿತ್ರಿಸಿಕೊಳ್ಳುವ ಬಯಕೆಯು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ೧೯೨೩ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಕ್ ಸಂಸ್ಥೆಯವರು ೧೬ ಮಿಲಿಮೀಟರು ಅಗಲದ ಫಿಲ್ಮನ್ನೂ ಅದಕ್ಕೆ ತಕ್ಕ ಕ್ಯಾಮರಾವನ್ನೂ ಮನೆಬಳಕೆಗಾಗಿ ಮಾರಾಟಕ್ಕೆ ತಂದರು. ೧೯೩೨ರಲ್ಲಿ ಇನ್ನೂ ಅಗ್ಗವಾದ ೮ ಮಿಲಿಮೀಟರಿನ ಫಿಲ್ಮು ಬಂದಿತು. ಅನುಕೂಲಸ್ಥರು ಮದುವೆ, ಮಕ್ಕಳ ಆಟ, ಪ್ರವಾಸ ಮೊದಲಾದುವನ್ನು ಚಿತ್ರಿಸಿಕೊಂಡರು. ಆದರೆ ಆ ಚಿತ್ರಗಳಿಗೆ ಮನೆಯವರೂ ನೆಂಟರೂ ಅಲ್ಲದೆ ಬೇರೆ ಪ್ರೇಕ್ಷಕರಿರಲಿಲ್ಲ. ತೆಗೆಯುವ ಸಾಧನವು ಕೈಗೆ ಬಂದಿತು. ಹರಡುವ ಸಾಧನವು ಬರಲಿಲ್ಲ. ಮುಂದಿನ ಎಂಬತ್ತು ವರ್ಷಗಳ ಚರಿತ್ರೆಯಲ್ಲಿ ಈ ಅಂತರವೇ ಮುಖ್ಯವಾದುದು.

ಈ ಅಂತರವನ್ನು ಕಳೆಯಲು ನಡೆದ ಪ್ರಯತ್ನಗಳಲ್ಲಿ ಕೆನಡಾ ದೇಶದ್ದು ಸ್ಮರಣೀಯವಾಗಿದೆ. ನ್ಯೂಫೌಂಡ್‌ಲೆಂಡಿನ ಕರಾವಳಿಗೆ ಸೇರಿದ ಫೋಗೋ ಎಂಬ ದ್ವೀಪದಲ್ಲಿ ಮೀನುಗಾರಿಕೆ ಇಳಿಮುಖವಾಗಿ, ಅಲ್ಲಿಯ ಬೆಸ್ತರನ್ನು ಬೇರೆಡೆಗೆ ಒಕ್ಕಲೆಬ್ಬಿಸುವ ಆಲೋಚನೆಯು ಸರ್ಕಾರದಲ್ಲಿ ಬಲವಾಗಿದ್ದಿತು. ೧೯೬೭ರಲ್ಲಿ ಕೆನಡಾದ ರಾಷ್ಟ್ರೀಯ ಚಲಚ್ಚಿತ್ರ ಮಂಡಲಿಯ ನಿರ್ದೇಶಕ ಕಾಲಿನ್ ಲೋ ಎಂಬುವರು, ಮೆಮೋರಿಯಲ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಸ್ನೋಡನ್ ಎಂಬುವರ ಸಹಕಾರದಿಂದ ಅಲ್ಲಿಗೆ ಹೋಗಿ, ದ್ವೀಪವಾಸಿಗಳ ಮಾತುಗಳನ್ನು ಇಪ್ಪತ್ತಕ್ಕಿಂತ ಹೆಚ್ಚು ಕಿರುಚಿತ್ರಗಳಲ್ಲಿ ಹಿಡಿದರು. ಚಿತ್ರಗಳನ್ನು ಮೊದಲು ಅಲ್ಲಿನವರಿಗೇ ತೋರಿಸಿದರು. ಅವರ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ತೋರಿಸಲಿಲ್ಲ. ಒಂದು ಹಳ್ಳಿಯವರು ಇನ್ನೊಂದು ಹಳ್ಳಿಯವರ ಮಾತನ್ನು ತೆರೆಯ ಮೇಲೆ ಕೇಳಿ, ತಮ್ಮೆಲ್ಲರ ಕಷ್ಟವೂ ಒಂದೇ ಎಂಬುದನ್ನು ಕಂಡುಕೊಂಡರು. ಬಳಿಕ ಆ ಚಿತ್ರಗಳು ಸರ್ಕಾರದ ಅಧಿಕಾರಿಗಳ ಮುಂದೆ ಹೋದುವು. ಮಂತ್ರಿಯೊಬ್ಬರ ಉತ್ತರವು ಚಿತ್ರರೂಪದಲ್ಲಿಯೇ ದ್ವೀಪಕ್ಕೆ ಬಂದಿತು. ಕೊನೆಗೆ ಬೆಸ್ತರು ಸಹಕಾರ ಸಂಘವನ್ನು ಕಟ್ಟಿಕೊಂಡು ದ್ವೀಪದಲ್ಲಿಯೇ ಉಳಿದರು. ಈ ಫಲಕ್ಕೆ ಚಿತ್ರಗಳೊಂದೇ ಕಾರಣವೆಂದು ಹೇಳಲಾಗದು. ಆದರೆ ತಮ್ಮನ್ನು ತಾವು ಕಂಡುಕೊಂಡ ಜನರು ತಮ್ಮ ವಿಷಯದಲ್ಲಿ ತಾವೇ ಮಾತಾಡಬಲ್ಲವರಾಗುತ್ತಾರೆ ಎಂಬುದು ಅಲ್ಲಿ ಮೊದಲು ಸ್ಪಷ್ಟವಾಗಿ ಕಂಡುಬಂದಿತು.

ಅದೇ ೧೯೬೭ರಲ್ಲಿ ಜಪಾನಿನ ಸೋನಿ ಸಂಸ್ಥೆಯವರು ಒಬ್ಬನೇ ಹೊತ್ತು ನಡೆಯಬಹುದಾದ ವಿಡಿಯೋ ಯಂತ್ರವನ್ನು ಹೊರತಂದರು. ೧೯೮೦ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ವಿಡಿಯೋ ಕ್ಯಾಮರಾಗಳು ಪಾಶ್ಚಾತ್ಯ ದೇಶಗಳಲ್ಲಿ ಮನೆಮನೆಗೆ ಬಂದುವು. ೧೯೯೧ನೆಯ ಮಾರ್ಚ್ ೩ರಂದು ಲಾಸ್ ಏಂಜಲೀಸ್ ನಗರದಲ್ಲಿ ರಾಡ್ನಿ ಕಿಂಗ್ ಎಂಬ ಕರಿಯನನ್ನು ಪೋಲೀಸಿನವರು ಹೊಡೆಯುತ್ತಿದ್ದುದನ್ನು ಜಾರ್ಜ್ ಹಾಲಿಡೇ ಎಂಬ ನಿವಾಸಿಯೊಬ್ಬನು ತನ್ನ ಮನೆಯಿಂದ ಚಿತ್ರಿಸಿದನು. ಅದು ಲೋಕಕ್ಕೆ ತಿಳಿಯಬೇಕಾದರೆ ಆತನು ಆ ಸುರುಳಿಯನ್ನು ಒಂದು ದೂರದರ್ಶನ ಕೇಂದ್ರಕ್ಕೆ ಒಯ್ದು ಕೊಡಬೇಕಾಯಿತು. ಕೇಂದ್ರದವರು ಬೇಡವೆಂದಿದ್ದರೆ ಆ ಸಾಕ್ಷ್ಯವು ಆತನ ಪೆಟ್ಟಿಗೆಯಲ್ಲಿಯೇ ಉಳಿಯುತ್ತಿದ್ದಿತು. ೧೯೯೧ರ ವರೆಗೂ ಬಾಗಿಲಿನ ಕೀಲಿಕೈ ಸಾಮಾನ್ಯನ ಕೈಯಲ್ಲಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

೩

ಆ ಕೀಲಿಕೈ ಕೈ ಬದಲಾಯಿಸಿದುದು ೨೦೦೫ರಲ್ಲಿ. ಅದಕ್ಕೆ ಮುಂಚೆಯೂ ಅಂತರ್ಜಾಲದಲ್ಲಿ ವಿಡಿಯೋಗಳಿದ್ದುವು. ಆದರೆ ಒಂದೊಂದು ಬಗೆಯ ವಿಡಿಯೋವನ್ನು ನೋಡಲು ಒಂದೊಂದು ಬಗೆಯ ತಂತ್ರಾಂಶವು ಬೇಕಾಗಿದ್ದಿತು. ಹಾಕುವವನಿಗೆ ಸ್ವಂತ ಜಾಲತಾಣವೂ ಸಾಕಷ್ಟು ಹಣವೂ ಬೇಕಾಗಿದ್ದುವು. ಪೇಪಾಲ್ ಸಂಸ್ಥೆಯಲ್ಲಿ ಹಿಂದೆ ಕೆಲಸಮಾಡಿದ್ದ ಚಾಡ್ ಹರ್ಲಿ, ಸ್ಟೀವ್ ಚೆನ್, ಜಾವೇದ್ ಕರೀಮ್ ಎಂಬ ಮೂವರು ತರುಣರು ೨೦೦೫ನೆಯ ಫೆಬ್ರವರಿ ೧೪ರಂದು ಯೂಟ್ಯೂಬ್ ಎಂಬ ಹೆಸರನ್ನು ನೋಂದಾಯಿಸಿದರು. ಅವರು ಹೊಸ ಯಂತ್ರವನ್ನೇನೂ ಕಂಡುಹಿಡಿಯಲಿಲ್ಲ. ಯಾವ ಬಗೆಯ ವಿಡಿಯೋವನ್ನು ಹಾಕಿದರೂ ಅದನ್ನು ಆಗ ಬಹುಪಾಲು ಗಣಕಯಂತ್ರಗಳಲ್ಲಿದ್ದ ಫ್ಲ್ಯಾಷ್ ಎಂಬ ಒಂದೇ ರೂಪಕ್ಕೆ ತಾವೇ ಮಾರ್ಪಡಿಸಿದರು; ಅದನ್ನು ಬೇರೆ ಪುಟಗಳಲ್ಲಿ ಅಂಟಿಸಿಕೊಳ್ಳಲು ಅವಕಾಶ ಕೊಟ್ಟರು; ಹಾಕುವವನಿಂದ ಹಣ ಕೇಳಲಿಲ್ಲ. ಪರಿಣಾಮವು ದೊಡ್ಡದಾದುದು ಈ ಮೂರು ಸರಳವಾದ ಏರ್ಪಾಡುಗಳಿಂದ.

ಮೊದಲನೆಯ ವಿಡಿಯೋ ಅದೇ ವರ್ಷದ ಏಪ್ರಿಲ್ ೨೩ರಂದು ಏರಿತು. ಸ್ಯಾನ್ ಡಿಯೆಗೋ ನಗರದ ಮೃಗಾಲಯದಲ್ಲಿ ಕರೀಮನು ಆನೆಗಳ ಮುಂದೆ ನಿಂತು, ಅವುಗಳ ಸೊಂಡಿಲು ಬಹಳ ಉದ್ದವಾಗಿದೆಯೆಂದು ಹೇಳಿ, ಹೇಳುವುದಕ್ಕೆ ಇನ್ನೇನೂ ಇಲ್ಲವೆಂದು ಮುಗಿಸುತ್ತಾನೆ. ಅದರ ಅವಧಿ ಇಪ್ಪತ್ತು ಸೆಕೆಂಡಿನೊಳಗೆ. ಕಲೆಯ ದೃಷ್ಟಿಯಿಂದ ಇದರಲ್ಲಿ ಏನೂ ಇಲ್ಲ. ಆದರೆ ಏನೂ ಇಲ್ಲದ ಮಾತನ್ನು ಯಾರ ಅಪ್ಪಣೆಯನ್ನೂ ಕೇಳದೆ ಲೋಕದ ಮುಂದೆ ಇಡಬಹುದೆಂಬುದೇ ಆ ದಿನದ ವಿಶೇಷ. ಆ ತನಕ ತೆರೆಯ ಮೇಲೆ ಬರಬೇಕಾದವನು ಪ್ರಸಿದ್ಧನೋ ಸುಂದರನೋ ಅಪರಾಧಿಯೋ ದುರಂತಕ್ಕೆ ಸಿಕ್ಕಿದವನೋ ಆಗಿರಬೇಕಾಗಿದ್ದಿತು.

ಬೆಳೆವಣಿಗೆಯು ಅತ್ಯಂತ ವೇಗವಾಗಿದ್ದಿತು. ೨೦೦೬ನೆಯ ಜುಲೈ ತಿಂಗಳ ವೇಳೆಗೆ ದಿನಕ್ಕೆ ೧೦ ಕೋಟಿ ವೀಕ್ಷಣೆಗಳೂ ೬೫,೦೦೦ ಹೊಸ ವಿಡಿಯೋಗಳೂ ಆಗುತ್ತಿದ್ದುವೆಂದು ಸಂಸ್ಥೆಯವರು ಪ್ರಕಟಿಸಿದರು. ಅದೇ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆಯು ಅದನ್ನು ೧೬೫ ಕೋಟಿ ಡಾಲರುಗಳಿಗೆ ಕೊಳ್ಳುವುದಾಗಿ ತಿಳಿಸಿತು. ವರ್ಷದ ಕೊನೆಯಲ್ಲಿ ‘ಟೈಮ್’ ಪತ್ರಿಕೆಯು ಆ ವರ್ಷದ ವ್ಯಕ್ತಿಯೆಂದು ಯಾವ ಪುರುಷನನ್ನೂ ಹೆಸರಿಸದೆ, ಓದುಗನನ್ನೇ ಕುರಿತು ‘ನೀವು’ ಎಂದು ಬರೆದು ತನ್ನ ಹೊದಿಕೆಯನ್ನು ಅಚ್ಚುಮಾಡಿತು. ಈ ಉತ್ಸಾಹದಲ್ಲಿ ಅತಿಶಯೋಕ್ತಿಯಿದ್ದಿತು, ಆದರೆ ಸುಳ್ಳಿರಲಿಲ್ಲ.

೪

ಬಂದವರು ಯಾರು, ಏನು ಹೇಳಿದರು ಎಂಬುದನ್ನು ಈಗ ನೋಡಬೇಕು. ೨೦೦೬ನೆಯ ಆಗಸ್ಟಿನಲ್ಲಿ ಪೀಟರ್ ಓಕ್ಲಿ ಎಂಬ ಎಂಬತ್ತರ ಹತ್ತಿರದ ಇಂಗ್ಲಿಷು ವೃದ್ಧನು, ತಾನು ಹುಟ್ಟಿದ ಇಸವಿಯಾದ ೧೯೨೭ನ್ನು ತನ್ನ ಸಂಕೇತನಾಮದಲ್ಲಿ ಸೇರಿಸಿಕೊಂಡು ಈ ತಾಣಕ್ಕೆ ಬಂದನು. ಆತನು ಎರಡನೆಯ ಮಹಾಯುದ್ಧದ ಕಾಲವನ್ನು ಕಂಡವನು. ಪತ್ನಿಯನ್ನು ಕಳೆದುಕೊಂಡು ಒಬ್ಬನೇ ಇದ್ದವನು. ಕ್ಯಾಮರಾದ ಮುಂದೆ ಕುಳಿತು ತನ್ನ ಬಾಲ್ಯ, ಶಾಲೆ, ಕೆಲಸ, ಮೋಟಾರು ಸೈಕಲ್ಲು ಇವುಗಳ ಕಥೆಯನ್ನು ಸಾವಕಾಶವಾಗಿ ಹೇಳಿದನು. ಯುವಕರದ್ದೇ ಎಂದು ಎಲ್ಲರೂ ಬಗೆದಿದ್ದ ಆ ತಾಣದಲ್ಲಿ ಕೆಲವು ವಾರಗಳೊಳಗಾಗಿ ಆತನೇ ಅತ್ಯಂತ ಹೆಚ್ಚು ಚಂದಾದಾರರನ್ನು ಪಡೆದನು. ೨೦೧೪ರಲ್ಲಿ ಮರಣಹೊಂದುವ ತನಕ ಆತನು ಈ ಕಥನವನ್ನು ನಡಸಿಕೊಂಡು ಬಂದನು. ಕೊನೆಯ ವಿಡಿಯೋದಲ್ಲಿ ಕೇಳುಗರಿಂದ ಬೀಳ್ಕೊಂಡನು. ಅಜ್ಜನ ಮಾತನ್ನು ಕೇಳುವ ಮೊಮ್ಮಕ್ಕಳು ಮನೆಯಲ್ಲಿ ಇಲ್ಲದಿದ್ದಾಗ ಲೋಕದ ಮೊಮ್ಮಕ್ಕಳು ಬಂದು ಕುಳಿತರು. ಆತನು ಅಚ್ಚಿನ ಆತ್ಮಕಥೆಯನ್ನು ಬರೆಯಲು ಹೊರಟಿದ್ದರೆ ಪ್ರಕಾಶಕನು ದೊರೆಯುತ್ತಿದ್ದನೆ ಎಂಬುದು ಸಂದೇಹ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ವರ್ಷದ್ದು. ೨೦೦೬ನೆಯ ಜೂನಿನಲ್ಲಿ ‘ಲೋನ್ಲಿಗರ್ಲ್ ೧೫’ ಎಂಬ ಹೆಸರಿನಿಂದ ಹದಿಹರೆಯದ ಹುಡುಗಿಯೊಬ್ಬಳು ತನ್ನ ಕೋಣೆಯಿಂದ ಮನಸ್ಸಿನ ಮಾತನ್ನು ಹೇಳಿಕೊಳ್ಳತೊಡಗಿದಳು. ಲಕ್ಷಾಂತರ ಜನರು ನೋಡಿದರು, ಕನಿಕರಪಟ್ಟರು. ಸೆಪ್ಟೆಂಬರಿನಲ್ಲಿ ಆಕೆಯು ಜೆಸಿಕಾ ರೋಸ್ ಎಂಬ ನಟಿಯೆಂದೂ ಮಾತುಗಳನ್ನು ಬರೆದವರು ಬೇರೆಯವರೆಂದೂ ಬಯಲಾಯಿತು. ನೋಡುಗರಲ್ಲಿ ಅನೇಕರು ಕೋಪಗೊಂಡರು. ಈ ಕೋಪವು ವಿಚಾರಯೋಗ್ಯವಾದುದು. ನಾಟಕಶಾಲೆಯಲ್ಲಿ ನಟಿಯು ನಟಿಸಿದಳೆಂದು ಯಾರೂ ಸಿಟ್ಟಾಗುವುದಿಲ್ಲ. ಇಲ್ಲಿ ಸಿಟ್ಟಾದರು, ಏಕೆಂದರೆ ಹೇಳುವವರೂ ಕೇಳುವವರೂ ಬರೆಯದೆ ಒಪ್ಪಿಕೊಂಡ ಒಂದು ಕರಾರು ಅಷ್ಟರಲ್ಲಿಯೇ ಏರ್ಪಟ್ಟಿದ್ದಿತು. ನಿಜವಾದ ಮನುಷ್ಯನು ನಿಜವಾದ ಮನುಷ್ಯನೊಡನೆ ಮಾತಾಡುತ್ತಿದ್ದಾನೆ ಎಂಬುದೇ ಆ ಕರಾರು. ಹೊಸದೊಂದು ಸಾಹಿತ್ಯಪ್ರಕಾರವು ಹುಟ್ಟಿತೆಂಬುದಕ್ಕೆ ಅದರ ನಿಯಮವನ್ನು ಮುರಿದಾಗ ಏಳುವ ಆಕ್ಷೇಪಣೆಯೇ ಸಾಕ್ಷಿ.

ಈ ಪ್ರಕಾರದ ಇನ್ನೊಂದು ಲಕ್ಷಣವು ಪ್ರತ್ಯುತ್ತರ. ಒಬ್ಬನ ವಿಡಿಯೋಗೆ ಇನ್ನೊಬ್ಬನು ವಿಡಿಯೋವನ್ನೇ ಉತ್ತರವಾಗಿ ಸೇರಿಸುವ ಏರ್ಪಾಡು ಮೊದಲ ವರ್ಷಗಳಲ್ಲಿ ಇದ್ದಿತು. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರಜ್ಞ ಮೈಕೇಲ್ ವೆಷ್ ಎಂಬುವರು ತಮ್ಮ ವಿದ್ಯಾರ್ಥಿಗಳೊಡನೆ ಈ ಜನಸಮೂಹದ ಒಳಹೊಕ್ಕು ಅಧ್ಯಯನಮಾಡಿ, ೨೦೦೮ನೆಯ ಜೂನಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಉಪನ್ಯಾಸವಿತ್ತರು. ಕಾಡಿನ ಬುಡಕಟ್ಟನ್ನು ಅಧ್ಯಯನಮಾಡುವ ಶಾಸ್ತ್ರವೇ ಇಲ್ಲಿಗೂ ತಕ್ಕುದೆಂಬುದು ಅದರಿಂದ ವಿದಿತವಾಯಿತು. ೨೦೧೦ರಲ್ಲಿ ಸಂಗೀತರಚಕ ಎರಿಕ್ ವಿಟೇಕರ್ ಎಂಬುವರು ೧೨ ದೇಶಗಳ ೧೮೫ ಮಂದಿ ತಮ್ಮತಮ್ಮ ಮನೆಯಲ್ಲಿ ಒಬ್ಬೊಬ್ಬರಾಗಿ ಹಾಡಿ ಕಳುಹಿಸಿದ ವಿಡಿಯೋಗಳನ್ನು ಕೂಡಿಸಿ ಒಂದು ಮೇಳವನ್ನು ಸಿದ್ಧಪಡಿಸಿದರು. ಒಬ್ಬರನ್ನೊಬ್ಬರು ಕಾಣದವರ ಕಂಠಗಳು ಒಂದೇ ಶ್ರುತಿಯಲ್ಲಿ ನಿಂತುವು.

೫

ಇನ್ನು ಬೆಲೆಯ ವಿಚಾರ. ಈ ವಿಡಿಯೋಗಳ ಬೆಲೆಯನ್ನು ಕಲೆಯ ಅಳತೆಗೋಲಿನಿಂದ ಅಳೆಯಹೋದರೆ ಬಹುಪಾಲು ಕೈಬಿಟ್ಟುಹೋಗುವುವು. ಆದರೆ ಕಾಗದಪತ್ರಗಳನ್ನೂ ದಿನಚರಿಗಳನ್ನೂ ನಾವು ಕಾವ್ಯವೆಂದು ಓದುವುದಿಲ್ಲ. ಬಾಳಿನ ಸಾಕ್ಷ್ಯವೆಂದು ಓದುತ್ತೇವೆ. ಬ್ರಿಟನ್ನಿನಲ್ಲಿ ೧೯೩೭ರಲ್ಲಿ ಟಾಮ್ ಹ್ಯಾರಿಸನ್, ಚಾರ್ಲ್ಸ್ ಮ್ಯಾಜ್, ಹಂಫ್ರಿ ಜೆನ್ನಿಂಗ್ಸ್ ಎಂಬುವರು ‘ಮಾಸ್ ಅಬ್ಸರ್ವೇಷನ್’ ಎಂಬ ಸಂಘವನ್ನು ಹೂಡಿ, ಸಾಮಾನ್ಯ ಜನರು ತಮ್ಮ ದಿನವನ್ನು ತಾವೇ ಬರೆದು ಕಳುಹಿಸಬೇಕೆಂದು ಕೇಳಿಕೊಂಡರು. ಆ ವರ್ಷದ ಮೇ ೧೨ರಂದು ಆರನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕವಾದಾಗ ದೇಶದ ನಾನಾ ಕಡೆಗಳಲ್ಲಿ ಜನರು ಏನು ಮಾಡುತ್ತಿದ್ದರೆಂಬುದು ಹಾಗೆ ದಾಖಲೆಯಾಯಿತು. ಅಂದಿನ ಪಂಡಿತರಲ್ಲಿ ಕೆಲವರು ಅದನ್ನು ಹಾಸ್ಯಮಾಡಿದರು. ಈಗ ಸಸೆಕ್ಸ್ ವಿಶ್ವವಿದ್ಯಾನಿಲಯದ ರಕ್ಷಣೆಯಲ್ಲಿರುವ ಆ ಕಾಗದಗಳಿಲ್ಲದೆ ಯುದ್ಧಕಾಲದ ಬ್ರಿಟನ್ನಿನ ಸಾಮಾಜಿಕ ಚರಿತ್ರೆಯನ್ನು ಬರೆಯುವುದು ಕಷ್ಟ. ೨೦೧೦ನೆಯ ಜುಲೈ ೨೪ ಎಂಬ ಒಂದೇ ದಿನದ ಬಾಳನ್ನು ಚಿತ್ರಿಸಿ ಕಳುಹಿಸಿರೆಂದು ಕೆವಿನ್ ಮ್ಯಾಕ್‌ಡೊನಾಲ್ಡ್ ಎಂಬ ನಿರ್ದೇಶಕರು ಯೂಟ್ಯೂಬಿನ ಮೂಲಕ ಕೇಳಿಕೊಂಡಾಗ, ಅವರಿಗೆ ಪ್ರೇರಣೆಯಾದುದು ಈ ಸಂಘದ ಕೆಲಸವೇ. ೮೦,೦೦೦ ವಿಡಿಯೋಗಳು, ಒಟ್ಟು ೪,೫೦೦ ಗಂಟೆಗಳಷ್ಟು, ಬಂದುವು. ಅವುಗಳಿಂದ ‘ಲೈಫ್ ಇನ್ ಎ ಡೇ’ ಎಂಬ ಚಲಚ್ಚಿತ್ರವಾಯಿತು. ಚಿತ್ರಕ್ಕಿಂತ ಚಿತ್ರದಲ್ಲಿ ಸೇರದೆ ಉಳಿದ ಗಂಟೆಗಳೇ ಮುಂದಿನ ಚರಿತ್ರಕಾರನಿಗೆ ಹೆಚ್ಚು ಉಪಯುಕ್ತವಾದಾವು.

ದಿನಚರಿಯಲ್ಲಿ ದೊರೆಯದ ಸಂಗತಿಗಳೂ ವಿಡಿಯೋದಲ್ಲಿ ದೊರೆಯುತ್ತವೆ. ಮಾತಿನ ಧಾಟಿ, ಊರಿಂದೂರಿಗೆ ಬದಲಾಗುವ ಉಚ್ಚಾರಣೆ, ಕೈಯ ಚಲನೆ, ಹಿನ್ನೆಲೆಯಲ್ಲಿ ಕೇಳುವ ಬೀದಿಯ ಸದ್ದು, ಗೋಡೆಯ ಮೇಲಣ ಪಟ, ಅಡಿಗೆಮನೆಯ ಪಾತ್ರೆ ಇವು ಬರೆಯುವವನಿಗೆ ಬರೆಯಬೇಕೆಂದೇ ತೋರದವು. ಹೇಳಬೇಕೆಂದು ಹೇಳಿದ ಮಾತಿಗಿಂತ ಅರಿವಿಲ್ಲದೆ ಉಳಿದ ಗುರುತೇ ಎಷ್ಟೋ ವೇಳೆ ಹೆಚ್ಚು ನಂಬತಕ್ಕುದೆಂಬುದು ಶಾಸನಗಳನ್ನು ಓದುವವರಿಗೆ ತಿಳಿದ ಮಾತೇ ಆಗಿದೆ.

ಸಾಕ್ಷ್ಯವೆಂಬ ಪದವು ನ್ಯಾಯಾಲಯದ ಅರ್ಥದಲ್ಲಿಯೂ ಇಲ್ಲಿ ಸಲ್ಲುತ್ತದೆ. ೨೦೦೯ನೆಯ ಜೂನಿನಲ್ಲಿ ಇರಾನಿನ ರಾಜಧಾನಿಯಾದ ಟೆಹರಾನಿನಲ್ಲಿ ನೇದಾ ಆಘಾ ಸುಲ್ತಾನ್ ಎಂಬ ತರುಣಿಯು ಗುಂಡೇಟಿನಿಂದ ಸತ್ತುದನ್ನು ಯಾರೋ ದಾರಿಹೋಕರು ಚಿತ್ರಿಸಿದರು. ಹೆಸರಿಲ್ಲದ ಆ ಚಿತ್ರಕಾರರ ಕೃತಿಗೆ ಅಮೆರಿಕದ ಜಾರ್ಜ್ ಪೋಕ್ ಪತ್ರಿಕಾ ಪ್ರಶಸ್ತಿಯು ೨೦೧೦ರಲ್ಲಿ ಸಂದಿತು. ಅನಾಮಧೇಯವಾದ ಕೃತಿಗೆ ಆ ಪ್ರಶಸ್ತಿಯು ಸಂದುದು ಅದೇ ಮೊದಲು. ೨೦೧೭ನೆಯ ಆಗಸ್ಟ್ ೧೫ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾದ ಸೇನಾಧಿಕಾರಿ ಮಹಮೂದ್ ಅಲ್ ವೆರ್ಫಲ್ಲಿ ಎಂಬುವನ ಬಂಧನಕ್ಕೆ ಆಜ್ಞೆ ಹೊರಡಿಸಿದಾಗ, ಅದಕ್ಕಿದ್ದ ಆಧಾರಗಳಲ್ಲಿ ಮುಖ್ಯವಾದುವು ಸಾಮಾಜಿಕ ಜಾಲತಾಣಗಳಲ್ಲಿ ಹರಡಿದ್ದ ವಿಡಿಯೋಗಳು. ೨೦೨೦ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬುವನ ಮರಣವನ್ನು ಮೊಬೈಲಿನಲ್ಲಿ ಚಿತ್ರಿಸಿದ ಡಾರ್ನೆಲಾ ಫ್ರೇಸಿಯರ್ ಎಂಬ ಹದಿನೇಳು ವರ್ಷದ ಹುಡುಗಿಯು ಆ ವಿಡಿಯೋವನ್ನು ತಾನೇ ಲೋಕದ ಮುಂದಿಟ್ಟಳು. ೨೦೨೧ರಲ್ಲಿ ಪುಲಿಟ್ಜರ್ ಮಂಡಲಿಯವರು ಆಕೆಗೆ ವಿಶೇಷ ಗೌರವವನ್ನು ಸಲ್ಲಿಸಿದರು. ೧೯೯೧ರಲ್ಲಿ ಸುರುಳಿಯನ್ನು ಹಿಡಿದುಕೊಂಡು ದೂರದರ್ಶನದ ಬಾಗಿಲಿಗೆ ಹೋಗಬೇಕಾಗಿದ್ದವನಿಗೂ ಈಕೆಗೂ ಇರುವ ವ್ಯತ್ಯಾಸವೇ ಮೂವತ್ತು ವರ್ಷಗಳ ಚರಿತ್ರೆಯ ಸಾರ.

೬

ಇದಕ್ಕೆ ಎರಡು ಪೂರ್ವಪಕ್ಷಗಳಿವೆ. ಮೊದಲನೆಯದು, ಇದೆಲ್ಲವೂ ಆತ್ಮಪ್ರಶಂಸೆ, ಹಣದಾಸೆ ಎಂಬುದು. ಇದರಲ್ಲಿ ನಿಜಾಂಶವಿದೆ. ೨೦೦೭ರಲ್ಲಿ ಯೂಟ್ಯೂಬು ಜಾಹೀರಾತಿನ ವರಮಾನದಲ್ಲಿ ಒಂದು ಭಾಗವನ್ನು ವಿಡಿಯೋ ಮಾಡಿದವರಿಗೆ ಕೊಡುವ ಪದ್ಧತಿಯನ್ನು ಆರಂಭಿಸಿತು. ೨೦೧೨ರಲ್ಲಿ, ಎಷ್ಟು ಮಂದಿ ನೋಡಿದರೆಂಬುದಕ್ಕೆ ಬದಲಾಗಿ ಎಷ್ಟು ಹೊತ್ತು ನೋಡಿದರೆಂಬುದನ್ನು ಲೆಕ್ಕಕ್ಕೆ ಹಿಡಿದು ವಿಡಿಯೋಗಳನ್ನು ಮುಂದೆ ತರಲಾರಂಭಿಸಿತು. ಒಡನೆಯೇ ವಿಡಿಯೋಗಳ ರೂಪವೂ ಬದಲಾಯಿತು. ಚಿಕ್ಕ ಮಾತು ಉದ್ದವಾಯಿತು, ನೋಡುವವನನ್ನು ಹಿಡಿದಿಡುವ ಉಪಾಯಗಳು ಹೆಚ್ಚಿದುವು. ೨೦೧೩ರಲ್ಲಿ ವಿಡಿಯೋ ಪ್ರತ್ಯುತ್ತರದ ಏರ್ಪಾಡನ್ನು ತೆಗೆದುಹಾಕಿದರು. ೨೦೧೮ರಲ್ಲಿ ವರಮಾನದ ಭಾಗವನ್ನು ಪಡೆಯಲು ೧,೦೦೦ ಚಂದಾದಾರರೂ ವರ್ಷಕ್ಕೆ ೪,೦೦೦ ಗಂಟೆಗಳ ವೀಕ್ಷಣೆಯೂ ಬೇಕೆಂದು ಗೊತ್ತುಮಾಡಿದರು. ಸಂಭಾಷಣೆಯ ಜಗಲಿಯಾಗಿದ್ದುದು ಹೀಗೆ ಕ್ರಮೇಣ ಅಂಗಡಿಯ ಸಾಲಾಯಿತು. ಆದರೆ ರಾಜಾಶ್ರಯವನ್ನು ಬಯಸಿದ ಮಾತ್ರಕ್ಕೆ ಆಸ್ಥಾನಕವಿಯ ಕಾವ್ಯವು ಕಾವ್ಯವಾಗದೆ ಹೋಗಲಿಲ್ಲ. ಆಶ್ರಯದಾತನ ರುಚಿಯು ಕೃತಿಯನ್ನು ಹೇಗೆ ತಿದ್ದಿತೆಂಬುದನ್ನು ನಾವು ವಿವೇಚಿಸುತ್ತೇವೆ, ಕೃತಿಯನ್ನು ಬಿಸಾಡುವುದಿಲ್ಲ. ಇಲ್ಲಿಯೂ ಅದೇ ಕ್ರಮವು ಉಚಿತ. ಹಣವನ್ನು ಕನಸಿನಲ್ಲಿಯೂ ನೆನೆಯದೆ ಹತ್ತಿಪ್ಪತ್ತು ಮಂದಿಗಾಗಿ ಹಾಕಿದ ವಿಡಿಯೋಗಳು ಎಣಿಕೆಯಿಲ್ಲದಷ್ಟಿವೆ ಎಂಬುದನ್ನೂ ಮರೆಯಕೂಡದು.

ಎರಡನೆಯದು, ಇವುಗಳಲ್ಲಿ ಬಹುಪಾಲು ಪರರ ಸ್ವತ್ತೆಂಬುದು. ವಯಾಕಾಮ್ ಎಂಬ ಮನರಂಜನಾ ಸಂಸ್ಥೆಯು ೨೦೦೭ನೆಯ ಮಾರ್ಚಿನಲ್ಲಿ ಯೂಟ್ಯೂಬಿನ ಮೇಲೆ ೧೦೦ ಕೋಟಿ ಡಾಲರುಗಳಿಗೆ ದಾವೆ ಹೂಡಿತು. ದೂರು ಬಂದೊಡನೆ ತೆಗೆದುಹಾಕಿದರೆ ತಾಣದವರಿಗೆ ಹೊಣೆಯಿಲ್ಲವೆಂಬ ೧೯೯೮ರ ಅಮೆರಿಕದ ಕಾನೂನಿನ ಮೇಲೆ ಮೊಕದ್ದಮೆಯು ಏಳು ವರ್ಷ ನಡೆದು, ೨೦೧೪ರಲ್ಲಿ ರಾಜಿಯಾಯಿತು. ದೊಡ್ಡವರಿಬ್ಬರ ಜಗಳಕ್ಕಿಂತ ಚಿಕ್ಕದೊಂದು ಮೊಕದ್ದಮೆಯು ನಮ್ಮ ವಿಷಯಕ್ಕೆ ಹತ್ತಿರವಾದುದು. ೨೦೦೭ರಲ್ಲಿ ಪೆನ್ಸಿಲ್ವೇನಿಯಾದ ತಾಯಿಯೊಬ್ಬಳು ತನ್ನ ಕೂಸು ಅಡಿಗೆಮನೆಯಲ್ಲಿ ಕುಣಿಯುತ್ತಿದ್ದುದನ್ನು ೨೯ ಸೆಕೆಂಡುಗಳ ವಿಡಿಯೋ ಮಾಡಿ ಹಾಕಿದಳು. ಹಿಂದೆ ಎಲ್ಲಿಯೋ ಪ್ರಿನ್ಸ್ ಎಂಬ ಗಾಯಕನ ಹಾಡು ಕೇಳುತ್ತಿದ್ದಿತು. ಹಕ್ಕುದಾರರಾದ ಯೂನಿವರ್ಸಲ್ ಸಂಸ್ಥೆಯವರು ಅದನ್ನು ತೆಗೆಯಿಸಿದರು. ತಾಯಿಯು ಸುಮ್ಮನಾಗದೆ ನ್ಯಾಯಾಲಯಕ್ಕೆ ಹೋದಳು. ತೆಗೆದುಹಾಕಬೇಕೆಂದು ಕೇಳುವುದಕ್ಕೆ ಮುಂಚೆ ಅದು ಸದುಪಯೋಗವೇ ಎಂಬುದನ್ನು ಹಕ್ಕುದಾರನು ವಿಚಾರಿಸಲೇಬೇಕೆಂದು ೨೦೧೫ರಲ್ಲಿ ಒಂಬತ್ತನೆಯ ವಿಭಾಗದ ಮೇಲ್ಮನವಿ ನ್ಯಾಯಾಲಯವು ತೀರ್ಮಾನಿಸಿತು. ಹಾಡು ಪರರದಾದರೂ ಕುಣಿತವು ಕೂಸಿನದು. ಬಾಳು ನಡೆಯುವುದೇ ಪರರ ಹಾಡುಗಳ ನಡುವೆ. ಜನಪದಗೀತೆಗಳನ್ನು ಸಂಗ್ರಹಿಸುವವರಿಗೆ ಇದು ಹೊಸ ಮಾತಲ್ಲ.

೭

ಈಗ ಉಳಿದಿರುವುದು ಅತ್ಯಂತ ಮುಖ್ಯವಾದ ಪ್ರಶ್ನೆ: ಇವೆಲ್ಲವೂ ಯಾರ ವಶದಲ್ಲಿವೆ? ಕಲ್ಲು ಊರಿನದು, ತಾಳೆಯ ಗರಿ ಮಠದ್ದೋ ಮನೆತನದ್ದೋ. ವಿಡಿಯೋ ಮಾತ್ರ ವ್ಯಾಪಾರಸಂಸ್ಥೆಯೊಂದರ ಯಂತ್ರಾಗಾರದಲ್ಲಿದೆ. ಗೂಗಲ್ ಸಂಸ್ಥೆಯು ಯೂಟ್ಯೂಬನ್ನು ಕೊಳ್ಳುವುದಕ್ಕೆ ಮುಂಚೆ ‘ಗೂಗಲ್ ವಿಡಿಯೋ’ ಎಂಬ ತನ್ನದೇ ತಾಣವನ್ನು ನಡಸುತ್ತಿದ್ದಿತು. ೨೦೧೧ನೆಯ ಏಪ್ರಿಲಿನಲ್ಲಿ ಅಲ್ಲಿಯ ವಿಡಿಯೋಗಳೆಲ್ಲವನ್ನೂ ಕೆಲವೇ ದಿನಗಳಲ್ಲಿ ತೆಗೆದುಹಾಕುವುದಾಗಿ ಸಾರಿತು. ಸ್ವಯಂಸೇವಕರು ಅವಸರದಿಂದ ಪ್ರತಿಮಾಡಿಕೊಳ್ಳತೊಡಗಿದರು; ಜನರ ಆಕ್ಷೇಪಣೆಯು ಬಲವಾಗಿ, ಸಂಸ್ಥೆಯು ಮನಸ್ಸು ಬದಲಾಯಿಸಿ ಅವುಗಳನ್ನು ಯೂಟ್ಯೂಬಿಗೆ ಸಾಗಿಸಿತು. ಆ ಸಲ ಉಳಿದುವು. ೨೦೧೭ರಲ್ಲಿ ಉಗ್ರಗಾಮಿಗಳ ವಿಡಿಯೋಗಳನ್ನು ಯಂತ್ರದಿಂದಲೇ ಗುರುತಿಸಿ ಅಳಿಸುವ ಪದ್ಧತಿಯು ಬಂದಾಗ, ಸಿರಿಯಾ ದೇಶದ ಯುದ್ಧದ ಕ್ರೌರ್ಯಗಳನ್ನು ಪ್ರಾಣದ ಹಂಗುತೊರೆದು ದಾಖಲಿಸಿದವರ ವಿಡಿಯೋಗಳೂ ಬಹುಸಂಖ್ಯೆಯಲ್ಲಿ ಅಳಿದುವು. ಅಪರಾಧಿಯ ವಿಡಿಯೋಗೂ ಸಾಕ್ಷಿಯ ವಿಡಿಯೋಗೂ ಇರುವ ಭೇದವನ್ನು ಯಂತ್ರವು ತಿಳಿಯದೆ ಹೋಯಿತು. ‘ಸಿರಿಯನ್ ಆರ್ಕೈವ್’ ಮೊದಲಾದ ಸಂಘಗಳು ಮುಂಚಿತವಾಗಿ ಪ್ರತಿಮಾಡಿ ಇಟ್ಟುಕೊಂಡಿದ್ದುವು ಮಾತ್ರ ಭದ್ರವಾಗಿ ಉಳಿದುವು.

ನಮ್ಮ ನಾಡಿಗೂ ಈ ವಿಷಯವು ದೂರದ್ದಲ್ಲ. ೨೦೨೦ನೆಯ ಜೂನ್ ೨೯ರಂದು ಭಾರತ ಸರ್ಕಾರವು ದೇಶದ ಭದ್ರತೆಯ ಕಾರಣದಿಂದ ಚೀನಾ ದೇಶಕ್ಕೆ ಸಂಬಂಧಿಸಿದ ೫೯ ಆ್ಯಪುಗಳನ್ನು ನಿಷೇಧಿಸಿತು. ಟಿಕ್‌ಟಾಕ್ ಅವುಗಳಲ್ಲಿ ಒಂದು. ಭಾರತದಲ್ಲಿ ಅದಕ್ಕೆ ಸುಮಾರು ೨೦ ಕೋಟಿ ಬಳಕೆದಾರರಿದ್ದರೆಂದು ಆಗ ಪತ್ರಿಕೆಗಳಲ್ಲಿ ವರದಿಯಾಗಿದ್ದಿತು. ನಿಷೇಧದ ಯುಕ್ತಾಯುಕ್ತತೆಯ ಚರ್ಚೆ ಇಲ್ಲಿಗೆ ಸಲ್ಲದು. ಆದರೆ ಹೊಲದ ಬದುವಿನ ಮೇಲೆ, ಹಟ್ಟಿಯ ಮುಂದೆ, ಬಸ್ಸುನಿಲ್ದಾಣದಲ್ಲಿ ನಿಂತು ತಮ್ಮ ತಮ್ಮ ಸೀಮೆಯ ಕನ್ನಡದಲ್ಲಿ ಆಡಿ ಹಾಡಿದವರ ವಿಡಿಯೋಗಳನ್ನು ದೇಶದೊಳಗೆ ನೋಡುವ ದಾರಿಯು ಕೆಲವು ದಿನಗಳಲ್ಲಿ ಮುಚ್ಚಿತು. ಭಾಷಾಶಾಸ್ತ್ರಜ್ಞನು ಊರೂರು ಅಲೆದು ಕೂಡಿಸಬೇಕಾದ ಉಪಭಾಷೆಯ ಸಾಮಗ್ರಿಯು ತಾನಾಗಿ ಒಂದೆಡೆ ಸೇರಿದ್ದಿತು. ಅದನ್ನು ಯಾರೂ ಸಂಗ್ರಹವೆಂದು ಬಗೆದಿರಲಿಲ್ಲ.

ಇಂಥ ಅಲಕ್ಷ್ಯದ ಫಲವನ್ನು ಹಿಂದೆಯೂ ಉಂಡಿದ್ದೇವೆ. ಅಮೆರಿಕದಲ್ಲಿ ೧೯೧೨ರಿಂದ ೧೯೨೯ರ ವರೆಗೆ ತಯಾರಾದ ಸುಮಾರು ೧೧,೦೦೦ ಮೂಕಿ ಕಥಾಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದಿರುವುವು ಶೇಕಡಾ ೧೪ ಮಾತ್ರವೆಂದು ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ೨೦೧೩ರಲ್ಲಿ ಪ್ರಕಟಿಸಿದ ಪರಿಶೋಧನೆಯು ತಿಳಿಸುತ್ತದೆ. ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಆ ಚಿತ್ರಗಳನ್ನು ಯಾರೂ ದ್ವೇಷದಿಂದ ನಾಶಮಾಡಲಿಲ್ಲ. ಅವು ಇಡತಕ್ಕವು ಎಂದು ತೋರಲಿಲ್ಲ, ಅಷ್ಟೆ.

೮

ಎಲ್ಲವನ್ನೂ ಇಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಇಡಲು ಸಾಧ್ಯವೂ ಇಲ್ಲ. ಇಡುವುದೆಲ್ಲವೂ ನ್ಯಾಯವೂ ಅಲ್ಲ. ತನ್ನ ಬಾಲ್ಯದ ಅಳುವನ್ನು ತಾಯಿತಂದೆಗಳು ಲೋಕಕ್ಕೆ ತೋರಿಸಿದುದನ್ನು ಬೆಳೆದ ಮಗುವು ಬೇಡವೆನ್ನಬಹುದು. ಅಳಿಸುವ ಹಕ್ಕೂ ಆತ್ಮಾಭಿವ್ಯಕ್ತಿಯ ಒಂದು ಅಂಗ. ಫೋಗೋ ದ್ವೀಪದಲ್ಲಿ ಕಾಲಿನ್ ಲೋ ಅವರು ಅನುಸರಿಸಿದ ನಿಯಮವು ಇಲ್ಲಿ ದಾರಿ ತೋರಿಸುತ್ತದೆ: ಮೊದಲು ಚಿತ್ರದಲ್ಲಿರುವವರನ್ನು ಕೇಳತಕ್ಕುದು, ಆಮೇಲೆ ಪರರಿಗೆ ತೋರಿಸತಕ್ಕುದು. ಆ ನಿಯಮಕ್ಕೆ ಒಳಪಟ್ಟು ಆಯ್ದು ಸಂಗ್ರಹಿಸುವುದು ವಿದ್ಯಾಸಂಸ್ಥೆಗಳಿಂದ ಆಗಬಹುದಾದ ಕೆಲಸ. ಒಂದು ಸೀಮೆಯ ಮಾತು, ಒಂದು ಕಸುಬಿನ ವಿವರ, ಒಂದು ಜಾತ್ರೆಯ ನಡಾವಳಿ ಹೀಗೆ ವಿಷಯವನ್ನು ಗೊತ್ತುಮಾಡಿಕೊಂಡು, ಮಾಡಿದವರ ಒಪ್ಪಿಗೆಯಿಂದ ಪ್ರತಿಪಡೆದು, ಯಾರು, ಎಲ್ಲಿ, ಎಂದು ಚಿತ್ರಿಸಿದರೆಂಬ ವಿವರದೊಡನೆ ಇಡಬೇಕು. ವಿವರವಿಲ್ಲದ ವಿಡಿಯೋ, ದೊರೆತ ಸ್ಥಳವನ್ನು ಗುರುತಿಸದ ಶಾಸನದಂತೆಯೇ, ಅರ್ಧ ಬೆಲೆಯನ್ನು ಕಳೆದುಕೊಂಡಿರುತ್ತದೆ.

ಹೇಳಿದುದರ ಸಾರವಿಷ್ಟು. ಚಿತ್ರಿಸುವ ಸಾಧನಕ್ಕೂ ಹರಡುವ ಸಾಧನಕ್ಕೂ ಇದ್ದ ಅಂತರವು ೨೦೦೫ರಲ್ಲಿ ಕಳೆಯಿತು. ಅದರಿಂದ ಸಾಮಾನ್ಯನು ಮೊದಲ ಬಾರಿಗೆ ಅಪ್ಪಣೆಯಿಲ್ಲದೆ ಲೋಕದೊಡನೆ ಮಾತಾಡಿದನು. ಆ ಮಾತಿನ ಬೆಲೆಯು ಅದರ ಚಮತ್ಕಾರದಲ್ಲಿಲ್ಲ. ಆಡಿದವನು ಇದ್ದನು, ಕೇಳಿದವನು ಉತ್ತರಕೊಟ್ಟನು ಎಂಬುದರಲ್ಲಿದೆ. ಹಿಂದಿನ ಸಾಮಾನ್ಯರು ನಮಗೆ ಹೆಚ್ಚಾಗಿ ಸತ್ತ ಮೇಲೆ, ಪರರು ಕೊರೆದ ಕಲ್ಲಿನಲ್ಲಿ ಕಾಣುತ್ತಾರೆ. ಈ ಕಾಲದ ಸಾಮಾನ್ಯರು ಬದುಕಿರುವಾಗಲೇ, ತಮ್ಮ ಬಾಯಿಂದಲೇ ನುಡಿದಿದ್ದಾರೆ. ಅದನ್ನು ಮುಂದಿನವರಿಗೆ ಮುಟ್ಟಿಸುವ ಕೆಲಸವನ್ನು ವ್ಯಾಪಾರಸಂಸ್ಥೆಗಳ ಲಾಭನಷ್ಟಕ್ಕೆ ಒಪ್ಪಿಸಿ ಕೂರುವುದು ನಮ್ಮಂಥ ಪರಿಷತ್ತುಗಳಿಗೆ ತಕ್ಕುದಲ್ಲ.